ಸಂವಿಧಾನದ ಸಾಲು ಅದೇ, ತೀರ್ಪು ಬೇರೆ: ಅಮೆರಿಕದ ಕಾನೂನನ್ನು ಎಲ್ಲಿಂದ ಓದುವುದು?

ಪ್ರಶ್ನೆ: ಅಮೆರಿಕದ ಸಂವಿಧಾನಕ್ಕೆ ಆಗಿರುವುದು ಬರೀ 27 ತಿದ್ದುಪಡಿ. ಆದರೂ ಅಲ್ಲಿನ ಸುಪ್ರೀಂ ಕೋರ್ಟ್ ತನ್ನದೇ ತೀರ್ಪನ್ನು ತಿರುಗಿಸುತ್ತದಲ್ಲ, ಹೇಗೆ? ಕಾನೂನು ವಿದ್ಯಾರ್ಥಿ ಇದನ್ನು ಎಲ್ಲಿಂದ ಓದಬೇಕು?

ಉತ್ತರ: 'ಒರಿಜಿನಲಿಸಂ' (ಪದಗಳಿಗೆ ಬರೆದ ಕಾಲದ ಅರ್ಥವನ್ನೇ ಕೊಡಬೇಕು), 'ಲಿವಿಂಗ್ ಕಾನ್‌ಸ್ಟಿಟ್ಯೂಷನ್' (ಕಾಲ ಬದಲಾದಂತೆ ಅರ್ಥವೂ ಬೆಳೆಯಬೇಕು) ಎಂಬ ಸಿದ್ಧಾಂತಗಳಿಂದ ಶುರು ಮಾಡಬೇಡಿ. ಒಂದೇ ಸಾಲು ಹಿಡಿದು, ಅದರ ಮೇಲಿನ ತೀರ್ಪುಗಳನ್ನು ಇಸವಿಯ ಕ್ರಮದಲ್ಲಿ ಓದಿ. 1868ರ 14ನೇ ತಿದ್ದುಪಡಿಯ 'ಡ್ಯೂ ಪ್ರೊಸೆಸ್' ಇದಕ್ಕೆ ಹೇಳಿ ಮಾಡಿಸಿದ ಸಾಲು. ಸೂಕ್ತ ಕಾನೂನು ಪ್ರಕ್ರಿಯೆ ಇಲ್ಲದೆ ಯಾವ ರಾಜ್ಯವೂ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನು ಕಸಿಯುವಂತಿಲ್ಲ ಎನ್ನುತ್ತದೆ ಅದು.

ಮೊದಲು 1905ರ ಲಾಕ್ನರ್ ಪ್ರಕರಣ. ಬೇಕರಿ ಕೆಲಸಗಾರರನ್ನು ದಿನಕ್ಕೆ 10, ವಾರಕ್ಕೆ 60 ಗಂಟೆಗಿಂತ ಹೆಚ್ಚು ದುಡಿಸಬಾರದೆಂದು ನ್ಯೂಯಾರ್ಕ್ ಕಾನೂನು ಮಾಡಿತ್ತು. ಕೋರ್ಟ್ 5-4ರ ಬಹುಮತದಲ್ಲಿ ಅದನ್ನು ರದ್ದು ಮಾಡಿತು. ಎಷ್ಟು ಹೊತ್ತು ದುಡಿಯಬೇಕೆಂದು ಮಾಲೀಕನೊಡನೆ ಕರಾರು ಮಾಡಿಕೊಳ್ಳುವುದೂ ಕೆಲಸಗಾರನ ಸ್ವಾತಂತ್ರ್ಯವಂತೆ! ಸಂವಿಧಾನ ಯಾವುದೇ ಒಂದು ಆರ್ಥಿಕ ಸಿದ್ಧಾಂತಕ್ಕೆ ಕಟ್ಟುಬಿದ್ದಿಲ್ಲ ಎಂದು ನ್ಯಾಯಮೂರ್ತಿ ಹೋಮ್ಸ್ ಭಿನ್ನಮತ ಬರೆದರು. ಚಿಕ್ಕ ಬರಹ, ಎರಡು ಸಲ ಓದಿ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, 1937ರಲ್ಲಿ, ವಾಷಿಂಗ್ಟನ್ ರಾಜ್ಯದ ಮಹಿಳೆಯರ ಕನಿಷ್ಠ ವೇತನ ಕಾನೂನನ್ನು ಕೋರ್ಟ್ ಎತ್ತಿಹಿಡಿದಾಗ ಕರಾರಿನ ವಾದ ನೆಲಕಚ್ಚಿತು.

ಈ ಕಥೆಗೆ ಮಂಗಳೂರಿನ ನಂಟೂ ಇದೆ. ಅಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ನಮ್ಮ ಸಂವಿಧಾನ ಸಭೆಯ ಸಲಹೆಗಾರರು. 1947ರಲ್ಲಿ ಅಮೆರಿಕಕ್ಕೆ ಹೋದ ರಾವ್ ಅವರನ್ನು ಅಲ್ಲಿನ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ 'ಡ್ಯೂ ಪ್ರೊಸೆಸ್' ಬಗ್ಗೆ ಎಚ್ಚರಿಸಿದರು: ಚುನಾಯಿತ ಶಾಸನಸಭೆ ಮಾಡಿದ ಕಾನೂನನ್ನು ಬೆರಳೆಣಿಕೆಯ ನ್ಯಾಯಾಧೀಶರು ಕೆಡವುತ್ತಾರೆ. ಜೀವ, ಸ್ವಾತಂತ್ರ್ಯ ಕಾಯುವ ನಮ್ಮ 21ನೇ ವಿಧಿಯಲ್ಲಿ ಆ ಪದ ಬರಲಿಲ್ಲ. ಆದರೆ ಕಾನೂನಿನ ಪ್ರಕ್ರಿಯೆ ನ್ಯಾಯಯುತವೂ ಆಗಿರಬೇಕು ಎಂದ 1978ರ ಮೇನಕಾ ಗಾಂಧಿ ತೀರ್ಪಿನಲ್ಲಿ ಅದರ ತಿರುಳು ಹಿಂಬಾಗಿಲಿನಿಂದ ಒಳಗೆ ಬಂತು.

ಅಮೆರಿಕದಲ್ಲಿ 1973ರ ರೋ ತೀರ್ಪು ಗರ್ಭಪಾತದ ಆಯ್ಕೆಯನ್ನೂ ಅದೇ 'ಸ್ವಾತಂತ್ರ್ಯ'ದೊಳಗೆ ತಂದಿತು. 2022ರ ಡಾಬ್ಸ್ ತೀರ್ಪು ಅದನ್ನು ಕಿತ್ತುಹಾಕಿತು. ಈ ಹಕ್ಕು ದೇಶದ ಇತಿಹಾಸ, ಪರಂಪರೆಯಲ್ಲಿ ಬೇರೂರಿದೆಯೇ ಎಂಬುದೇ ಬಹುಮತದ ಅಳತೆಗೋಲು. ಇದನ್ನು ಒರಿಜಿನಲಿಸಂ ಎನ್ನುವುದು ರೂಢಿ, ಆದರೆ 1868ರ ಪದದ ಅರ್ಥ ಹುಡುಕುವುದೂ ಪರಂಪರೆ ಹುಡುಕುವುದೂ ಒಂದೇ ಅಲ್ಲ. ತೀರ್ಪು ತಿರುಗಿಸುವುದಕ್ಕೆ ಬಹುಮತ ಕೊಟ್ಟ ನಿದರ್ಶನಗಳಲ್ಲಿ ಆ 1937ರ ಪ್ರಕರಣವೂ ಇದೆ. ಭಿನ್ನಮತದವರ ಪ್ರಶ್ನೆ ಬೇರೆ: ಆ ತಿದ್ದುಪಡಿಯನ್ನು ಅಂಗೀಕರಿಸಿದವರು ಗಂಡಸರು ಮಾತ್ರ, ಅಂದಿನ ತಿಳಿವಳಿಕೆಗೆ ಇಂದಿನ ಹೆಂಗಸರನ್ನು ಕಟ್ಟಿಹಾಕುವುದು ಸರಿಯೇ?