ಸಿಹಿ ಹೂವಿನ ಸೆಂಟು ಎಂಥ ಸ್ವಭಾವದವರಿಗೆ ಒಪ್ಪುತ್ತದೆ?

ಓದುಗರ ಪ್ರಶ್ನೆ: ತಂಗಿ ನನಗೆ ಗುಚ್ಚಿ ಬ್ಲೂಮ್ ಪರ್ಫ್ಯೂಮ್ ತಂದುಕೊಟ್ಟಿದ್ದಾಳೆ. ಸಿಹಿಯಾದ ಹೂವಿನ ಪರಿಮಳ. ಅಂಗಡಿಯಲ್ಲಿ "ಇದು ಮೃದು ಸ್ವಭಾವದ ಹೆಣ್ಣುಮಕ್ಕಳಿಗೆ" ಅಂದರಂತೆ. ನಾನು ಸ್ವಲ್ಪ ಜೋರು, ಮಾತೂ ಜಾಸ್ತಿ. ನನಗೆ ಒಪ್ಪುತ್ತಾ?

ಉತ್ತರ: ಧಾರಾಳವಾಗಿ ಒಪ್ಪುತ್ತದೆ. ಯಾಕೆಂದರೆ ಆ ಸೆಂಟು ಮೃದುವೇ ಅಲ್ಲ. ಅದರ ಮುಖ್ಯ ಹೂವು ಸುಗಂಧರಾಜ. ಮದುವೆ ಛತ್ರದ ಬಾಗಿಲಲ್ಲಿ ನಿಂತರೆ ಮಂಟಪದವರೆಗೂ ಘಮ್ಮೆನ್ನುವ ಹೂವು ಅದು. ಅದನ್ನು ಮೆತ್ತಗಿನ ಹೂವು ಅಂತ ಯಾರಾದರೂ ಹೇಳುತ್ತಾರಾ?

ಸಿಹಿ ಅಂದ ಕೂಡಲೇ ನಾವು ಮೃದು ಅಂದುಕೊಂಡುಬಿಡುತ್ತೇವೆ. ಎಡವುವುದು ಅಲ್ಲೇ. ಹೂವುಗಳಲ್ಲಿ ಸಿಹಿಯಾದವೇ ಬಹಳ ಸಲ ಎಲ್ಲಕ್ಕಿಂತ ಜೋರು. ಸುಗಂಧರಾಜ, ಮಲ್ಲಿಗೆ ಇವೆಲ್ಲ ಕತ್ತಲಾದ ಮೇಲೆ ಹೆಚ್ಚು ಘಮಘಮಿಸುವ ಬಿಳಿ ಹೂವುಗಳು. ರಾತ್ರಿ ಹಾರಾಡುವ ಪತಂಗಗಳಿಗೆ ಕತ್ತಲಲ್ಲಿ ಹೂವು ದೂರದಿಂದ ಕಾಣುವುದು ಕಷ್ಟ. ಹಾಗಾಗಿ ಇಂಥ ಹೂವು ಹೆಚ್ಚಾಗಿ ಪರಿಮಳದಿಂದಲೇ ಅವನ್ನು ದೂರದಿಂದ ಕೂಗಿ ಕರೆಯಬೇಕು.

ಬ್ಲೂಮ್ ಬಂದಿದ್ದು 2017ರಲ್ಲಿ. ಅದನ್ನು ಹದ ಮಾಡಿದವರು ಸ್ಪೇನ್ ಮೂಲದ ಆಲ್ಬರ್ಟೊ ಮೊರಿಯಾಸ್. ಸುಗಂಧರಾಜ, ಮಲ್ಲಿಗೆ ಮೊಗ್ಗು, ಜೊತೆಗೆ ರಂಗೂನ್ ಬಳ್ಳಿಯ ಹೂವು, ಈ ಮೂರೇ ಅದರ ಜೀವ. ರಂಗೂನ್ ಬಳ್ಳಿ ನಮ್ಮಲ್ಲಿ ಎಷ್ಟೋ ಮನೆಗಳ ಕಾಂಪೌಂಡ್ ಮೇಲೆ ಹಬ್ಬಿರುತ್ತದೆ. ಸಂಜೆ ಬಿಳಿಯಾಗಿ ಅರಳಿ, ಮರುದಿನ ಗುಲಾಬಿಯಾಗಿ, ಆಮೇಲೆ ಕೆಂಪಗಾಗುವ ಗೊಂಚಲು ಹೂವು. ಅಂದರೆ ಈ ಮೂರರಲ್ಲಿ ನಮಗೆ ಪರಿಚಯವಿಲ್ಲದ ಹೂವು ಒಂದೂ ಇಲ್ಲ.

ಇನ್ನೊಂದು ವಿಷಯ. ಈ ಸೆಂಟಿನ ಮೊದಲ ಜಾಹೀರಾತಿನಲ್ಲಿ ಒಬ್ಬಳಲ್ಲ, ಮೂವರು ಹೆಂಗಸರಿದ್ದರು: ನಟಿ ಡಕೋಟಾ ಜಾನ್ಸನ್, ರೂಪದರ್ಶಿ ಹಾಗೂ ನಟಿ ಹರಿ ನೆಫ್, ಛಾಯಾಗ್ರಾಹಕಿ ಪೆಟ್ರಾ ಕಾಲಿನ್ಸ್. ಒಬ್ಬರಿದ್ದ ಹಾಗೆ ಇನ್ನೊಬ್ಬರಿಲ್ಲ. ಹಾಗಿರುವಾಗ ಕೌಂಟರಿನಲ್ಲಿ ನಿಂತವರು ಇದನ್ನು ಒಂದೇ ಸ್ವಭಾವಕ್ಕೆ ಕಟ್ಟಿಹಾಕುವುದು ಸರಿಯಲ್ಲ.

ಸಿಹಿಯಲ್ಲೂ ಎರಡು ಜಾತಿ ಇದೆ, ಇದು ಗೊತ್ತಿದ್ದರೆ ಆರಿಸುವುದು ಸುಲಭ. ಒಂದು ಸಕ್ಕರೆಯ ಸಿಹಿ. 1992ರಲ್ಲಿ ಬಂದ ಏಂಜೆಲ್ ಎನ್ನುವ ಸೆಂಟಿನಲ್ಲಿ ಈಥೈಲ್ ಮಾಲ್ಟಾಲ್ ಎಂಬ ವಸ್ತುವನ್ನು ಕೈಬಿಚ್ಚಿ ಹಾಕಿದರು. ಜಾತ್ರೆಯಲ್ಲಿ ಬಾಂಬೆ ಮಿಠಾಯಿ ಸುತ್ತುವಾಗ ಬರುತ್ತದಲ್ಲ, ಥೇಟ್ ಅದೇ ವಾಸನೆ. ಅಲ್ಲಿಂದ ಈ ದಾರಿ ಹಿಡಿದ ಸೆಂಟುಗಳು ಬೇಕಾದಷ್ಟು. 2012ರ ಲಾ ವಿ ಎ ಬೆಲ್‌ನಲ್ಲೂ ಹೂವಿನ ಜೊತೆ ಇಂಥ ಮಿಠಾಯಿಯ ಸಿಹಿ ಇದೆ. ಇನ್ನೊಂದು ಹೂವಿನದೇ ಸಿಹಿ. ಬ್ಲೂಮ್ ಈ ಕಡೆಯದು.

ಹೂವಿನ ಸಿಹಿಯಲ್ಲಿ ಬರೀ ಸಿಹಿ ಮಾತ್ರ ಇರುವುದಿಲ್ಲ. ಒಂದು ಸುಗಂಧರಾಜದ ಮೊಗ್ಗನ್ನು ಉಗುರಿನಿಂದ ಸೀಳಿ ಮೂಗಿನ ಹತ್ತಿರ ಹಿಡಿಯಿರಿ. ಮೊದಲು ಬೆಣ್ಣೆಯಂಥ ಸಿಹಿ. ಅದರ ಹಿಂದೆಯೇ ಮೈಕೈ ನೋವಿಗೆ ಹಚ್ಚುವ ಮುಲಾಮಿನ ಛಾಯೆ. ಅದು ಬರೀ ನಿಮ್ಮ ಭ್ರಮೆಯಲ್ಲ. ಮುಲಾಮಿನಲ್ಲಿರುವ ಮೀಥೈಲ್ ಸ್ಯಾಲಿಸಿಲೇಟ್ ಈ ಹೂವಿನಲ್ಲೂ ಇದೆ. ಮಲ್ಲಿಗೆಯಲ್ಲಿ ಇಂಡೋಲ್ ಎಂಬ ರಾಸಾಯನಿಕ ಇದೆ. ಬರೀ ಇಂಡೋಲ್ ಮೂಸಿದರೆ ಬೀರುವಿನ ನುಸಿಗುಳಿಗೆ ನೆನಪಾಗುತ್ತದೆ. ಆದರೆ ಚಿಟಿಕೆಯಷ್ಟು ಬೆರೆತರೆ ಅದೇ ಮಲ್ಲಿಗೆಗೆ ಮಾದಕತೆ ಕೊಡುತ್ತದೆ. ರಾತ್ರಿ ಮುಡಿದ ಮಲ್ಲಿಗೆ ಬೆಳಿಗ್ಗೆ ದಿಂಬಿನ ಮೇಲೆ ಬೇರೆ ಥರ ವಾಸನೆ ಬರುತ್ತದಲ್ಲ, ಆ ಭಾರವಾದ ವಾಸನೆಯಲ್ಲೂ ಇಂಡೋಲ್‌ನ ಛಾಯೆ ಇದೆ. ಇಷ್ಟೆಲ್ಲ ಒಳಗಿಟ್ಟುಕೊಂಡ ಹೂವನ್ನು "ಪಾಪದ ಹುಡುಗಿಯರಿಗೆ" ಅಂತ ಹೇಳಿ ಮಾರುತ್ತಾರೆ ಅಂದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಸ್ವಭಾವದ ಮಾತು ಪೂರ್ತಿ ಸುಳ್ಳು ಅಂತಲೂ ನಾನು ಹೇಳುವುದಿಲ್ಲ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿಕೊಳ್ಳಿ: ನನ್ನ ಪರಿಮಳ ಎಷ್ಟು ದೂರ ಹೋಗಬೇಕು? ಕೋಣೆಗೆ ಕಾಲಿಟ್ಟ ಕೂಡಲೇ ಎಲ್ಲರಿಗೂ ಗೊತ್ತಾಗಬೇಕೇ, ಪಕ್ಕದಲ್ಲಿ ಕೂತವರಿಗಷ್ಟೇ ಸಾಕೇ, ಅಥವಾ ಅಪ್ಪಿಕೊಂಡವರಿಗೆ ಮಾತ್ರವೇ? ನಾಲ್ಕು ಜನರ ನಡುವೆ ಖುಷಿಯಾಗಿರುವವರಿಗೆ ಸುಗಂಧರಾಜ ಸಹಜವಾಗಿ ಕೂಡುತ್ತದೆ. ನಿಮ್ಮ ಪತ್ರ ನೋಡಿದರೆ ನೀವು ಆ ಗುಂಪಿಗೇ ಸೇರಿದವರು. ಸಂಕೋಚದವರಿಗೂ ಇದೇ ಸೆಂಟು ಆದೀತು, ಒಂದೇ ಸಲ ಒತ್ತಿ, ಸೀರೆಯ ಅಥವಾ ಕುರ್ತಾದ ಒಳಗೆ ಹೊಟ್ಟೆಯ ಹತ್ತಿರ ಹಾಕಿಕೊಂಡರೆ.

ಎಷ್ಟು ಹಾಕಬೇಕು ಅನ್ನುವುದನ್ನು ನಾನು ಪಾಡುಪಟ್ಟೇ ಕಲಿತೆ. ಇಂಥದ್ದೇ ಒಂದು ಸೆಂಟನ್ನು ಕತ್ತಿಗೆ ಎರಡು, ಕೈಗೆ ಎರಡು ಅಂತ ಹೊಡೆದುಕೊಂಡು ಮೈಸೂರಿನಿಂದ ಬೆಂಗಳೂರಿಗೆ ಬಸ್ಸು ಹತ್ತಿದ್ದೆ. ಮೇ ತಿಂಗಳ ಸೆಕೆ. ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಪಕ್ಕದ ಹೆಂಗಸು ಕಿಟಕಿ ಪೂರ್ತಿ ಸರಿಸಿ, ಸೆರಗು ಮೂಗಿಗೆ ಹಿಡಿದುಕೊಂಡರು. ನನಗೆ ಮಾತ್ರ ಏನೂ ವಾಸನೆ ಬರುತ್ತಿರಲಿಲ್ಲ! ಮೂಗಿನ ಗುಣವೇ ಹಾಗೆ. ಒಂದೇ ವಾಸನೆ ಸ್ವಲ್ಪ ಹೊತ್ತು ಇದ್ದರೆ ಅದು ಗಮನಿಸುವುದನ್ನೇ ಬಿಡುತ್ತದೆ. ನಾವು ಮಾಸಿಹೋಯಿತು ಅಂದುಕೊಂಡು ಮತ್ತೆ ಹಾಕಿಕೊಳ್ಳುತ್ತೇವೆ. ಮನೆಗೆ ಹೋದಾಗ ಅಮ್ಮ ಬಾಗಿಲಲ್ಲೇ ಕೇಳಿದರು, "ಯಾರ ಮದುವೆಗೆ ಹೋಗಿದ್ಯೇ?"

ಅಮ್ಮನ ಆ ಮಾತು ನನಗೆ ಈಗಲೂ ಮುಖ್ಯ ಅನ್ನಿಸುತ್ತದೆ. ಸುಗಂಧರಾಜ ಅಂದರೆ ನಮಗೆ ಮದುವೆಯ ಹಾರ, ದೇವರ ಹಾರ. ಕೆಲವರಿಗೆ ಮನೆಯ ಹಿರಿಯರು ತೀರಿಕೊಂಡ ದಿನವೂ ನೆನಪಾಗುತ್ತದೆ, ಅಲ್ಲೂ ಇದೇ ಹೂವು ಇರುತ್ತದೆ. ಸೆಂಟು ತಯಾರಿಸುವ ಯುರೋಪಿನವರ ಮೂಗಿಗೆ ಈ ನೆನಪುಗಳಿಲ್ಲ. ಹಾಗಾಗಿ ಅಲ್ಲಿನವರು ಬರೆದ "ಇದು ಇಂಥವಳ ಸೆಂಟು" ಎನ್ನುವ ಮಾತು ಇಲ್ಲಿ ಹಾಗೇ ಕೂರುವುದಿಲ್ಲ. ಮೂಸಿದಾಗ ನಿಮಗೆ ಯಾವ ದಿನ ನೆನಪಾಗುತ್ತದೆ? ಅದು ಒಳ್ಳೆಯ ದಿನವಾಗಿದ್ದರೆ ಆ ಸೆಂಟು ನಿಮ್ಮದು. ಅಲ್ಲವಾದರೆ ಸುಮ್ನೆ ಒದ್ದಾಡಬೇಡಿ, ತಂಗಿಗೇ ವಾಪಸ್ ಕೊಡಿ. ಬೇಜಾರು ಮಾಡಿಕೊಳ್ಳಲಿಕ್ಕಿಲ್ಲ.

ಹಾಕಿ ನೋಡುವಾಗ ಬೆಳಿಗ್ಗೆ ಸ್ನಾನ ಮಾಡಿ, ಮಣಿಕಟ್ಟಿಗೆ ಒಂದೇ ಸಲ ಒತ್ತಿ. ಕೈಗೆ ಕೈ ತಿಕ್ಕಬೇಡಿ. ಮೊದಲ ಹತ್ತು ನಿಮಿಷ ಆಲ್ಕೋಹಾಲ್‌ನ ಘಾಟು ಮತ್ತು ಬೇಗ ಹಾರಿಹೋಗುವ ಹಗುರ ವಾಸನೆಗಳದ್ದೇ ಕಾರುಬಾರು. ಅದನ್ನು ನಂಬಿ ತೀರ್ಮಾನ ಮಾಡಬೇಡಿ. ಮಧ್ಯಾಹ್ನ ಊಟದ ಹೊತ್ತಿಗೆ ಮತ್ತೆ ಮೂಸಿ. ಆಗ ಉಳಿದಿರುವುದೇ ದಿನವಿಡೀ ನಿಮ್ಮ ಜೊತೆ ಇರುವ ಪರಿಮಳ. ನಿಮ್ಮ ಚರ್ಮ ಒಣಗಿದ್ದರೆ ಬೇಗ ಹೋಗುತ್ತದೆ. ವಾಸನೆಯಿಲ್ಲದ ಕ್ರೀಮ್ ಹಚ್ಚಿ ಅದರ ಮೇಲೆ ಹಾಕಿದರೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ. ಎಸಿ ಹಾಕಿದ, ಕಿಟಕಿ ತೆರೆಯಲಾಗದ ಆಫೀಸಿಗೆ ಅರ್ಧ ಒತ್ತಿದರೂ ಸಾಕು. ಎಷ್ಟೋ ಜನರಿಗೆ ಬಿಳಿ ಹೂವಿನ ಪರಿಮಳದಿಂದ ತಲೆನೋವು ಬರುತ್ತದೆ.

ರೇಷ್ಮೆ ಸೀರೆಯ ಮೇಲೆ ನೇರವಾಗಿ ಹೊಡೆಯಬೇಡಿ, ಕಲೆ ನಿಲ್ಲಬಹುದು. ಮೈಗೆ ಹಾಕಿ, ಆರಿದ ಮೇಲೆ ಸೀರೆ ಉಡಿ. ಇನ್ನು ಮಲ್ಲಿಗೆ ಮುಡಿಯುವ ದಿನ ಬ್ಲೂಮ್ ಬೇಡ. ತಲೆಯಲ್ಲಿನ ಮೊಗ್ಗು ಸಂಜೆಗೆ ಬಿರಿಯುವಾಗ ಬಾಟಲಿಯ ಮಲ್ಲಿಗೆ ಅದರ ಪಕ್ಕದಲ್ಲಿ ಸಪ್ಪೆ ಅನ್ನಿಸುತ್ತದೆ.