ಕಲ್ಚರ್‌ನಲ್ಲಿ ಏನೂ ಇಲ್ಲ, ಉರಿ ಮಾತ್ರ ಹೋಗಿಲ್ಲ

ಉರಿಮೂತ್ರ ಎಂದರೆ ಮನೆಯಲ್ಲಿ ‘ಉಷ್ಣ ಆಗಿದೆ’ ಎಂದು ಬಾರ್ಲಿ ನೀರು, ಕ್ಲಿನಿಕ್‌ನಲ್ಲಿ ‘ಇನ್ಫೆಕ್ಷನ್’ ಎಂದು ಐದು ದಿನದ ಆ್ಯಂಟಿಬಯೋಟಿಕ್. ಎಷ್ಟೋ ಜನಕ್ಕೆ ಅಷ್ಟರಲ್ಲೇ ವಾಸಿಯಾಗುತ್ತದೆ. ವಾಸಿಯಾಗದವರ ಫೈಲು ಬಿಚ್ಚಿದರೆ ಒಳಗೆ ನಾಲ್ಕೈದು ಬಗೆಯ ಆ್ಯಂಟಿಬಯೋಟಿಕ್ ಚೀಟಿ, ಕಲ್ಚರ್ (ಮೂತ್ರದಲ್ಲಿನ ಕ್ರಿಮಿಯನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿದಾಗಲೆಲ್ಲ ‘ನೋ ಗ್ರೋತ್’, ಅಂದರೆ ಏನೂ ಬೆಳೆದಿಲ್ಲ. ಕ್ರಿಮಿಯೇ ಇಲ್ಲದ ಮೇಲೆ ಕ್ರಿಮಿ ಕೊಲ್ಲುವ ಔಷಧಿಗೆ ಮಾಡಲು ಕೆಲಸವೇನಿದೆ?

ಇಂಥವರಲ್ಲಿ ಹಲವರಿಗೆ ಇರುವುದು ಬ್ಲ್ಯಾಡರ್ ಪೇನ್ ಸಿಂಡ್ರೋಮ್. ಹಳೆಯ ಹೆಸರು ಇಂಟರ್‌ಸ್ಟಿಶಿಯಲ್ ಸಿಸ್ಟೈಟಿಸ್. ಮೂತ್ರಕೋಶ ತುಂಬುತ್ತ ಬಂದಂತೆ ಕೆಳಹೊಟ್ಟೆಯ ನೋವು ಏರುತ್ತದೆ, ಖಾಲಿಯಾದ ಮೇಲೆ ಸ್ವಲ್ಪ ಹೊತ್ತು ತಗ್ಗುತ್ತದೆ. ಸೋಂಕಿನ ಉರಿ ಹೆಚ್ಚಾಗಿ ಮೂತ್ರ ಹೋಗುವಾಗ. ಈ ರೋಗದ ನೋವು ಮೂತ್ರಕ್ಕೆ ಹೋಗುವ ಮುಂಚೆಯೇ. ಆರು ವಾರ ದಾಟಿಯೂ ಹೀಗೇ ಇದ್ದು, ಬೇರೆ ಕಾರಣ ಸಿಗದಿದ್ದರೆ ಈ ಹೆಸರು ಕೊಡುತ್ತೇವೆ. ಗಂಡಸರಲ್ಲೂ ಇದು ಬರುತ್ತದೆ, ಆದರೆ ಅವರಿಗೆ ‘ಪ್ರಾಸ್ಟೇಟ್ ಊತ’ ಎಂದು ಹೇಳಿ ವರ್ಷಗಟ್ಟಲೆ ಮಾತ್ರೆ ಕೊಟ್ಟಿರುತ್ತಾರೆ.

‘ಬೇರೆ ಕಾರಣ ಸಿಗದಿದ್ದರೆ’ ಎಂಬ ಮಾತನ್ನು ನಮ್ಮ ದೇಶದಲ್ಲಿ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಮೂತ್ರದಲ್ಲಿ ಕೀವುಕಣಗಳಿವೆ, ಮಾಮೂಲಿ ಕಲ್ಚರ್‌ನಲ್ಲಿ ಏನೂ ಬೆಳೆಯುತ್ತಿಲ್ಲ ಎಂದರೆ ಮೊದಲ ಗುಮಾನಿ ಕ್ಷಯದ ಮೇಲೆ. ಟಿಬಿ ಕ್ರಿಮಿ ಮಾಮೂಲಿ ಕಲ್ಚರ್‌ನಲ್ಲಿ ಬೆಳೆಯುವುದಿಲ್ಲ. ಕನಿಷ್ಠ ಮೂರು ದಿನ ಬೆಳಗಿನ ಮೊದಲ ಮೂತ್ರವನ್ನು ಪ್ರತ್ಯೇಕವಾಗಿ ಟಿಬಿ ಕಲ್ಚರ್‌ಗೆ, ಟಿಬಿ ಕ್ರಿಮಿಯ ಡಿಎನ್ಎ ಹುಡುಕುವ ಸಿಬಿನ್ಯಾಟ್ ಪರೀಕ್ಷೆಗೆ ಕೊಡಬೇಕು. ಬೀಡಿ, ಸಿಗರೇಟ್ ಸೇದುವವರಿಗೆ, ಮೂತ್ರದಲ್ಲಿ ರಕ್ತ ಕಂಡವರಿಗೆ ಸಿಸ್ಟೊಸ್ಕೋಪಿ (ಮೂತ್ರಕೋಶದೊಳಗೆ ಕ್ಯಾಮೆರಾ ನಳಿಕೆ ಇಳಿಸಿ ನೋಡುವುದು) ಆಗಲೇಬೇಕು. ಮೂತ್ರಕೋಶದ ಒಳಪದರದ ಆರಂಭದ ಕ್ಯಾನ್ಸರ್ ಕೂಡ ಹೀಗೇ ಉರಿಯುತ್ತದೆ. ಕಲ್ಲು ಇದೆಯೇ, ಹೋಗಿ ಬಂದ ಮೇಲೂ ಮೂತ್ರ ಉಳಿಯುತ್ತದೆಯೇ ಎಂಬುದು ಸ್ಕ್ಯಾನಿಂಗ್‌ನಲ್ಲಿ ತಿಳಿಯುತ್ತದೆ.

ಆಮೇಲೆ ಬೇಕಾದ್ದು ಒಂದು ಅಳತೆಯ ಲೋಟ, ಒಂದು ನೋಟ್‌ಬುಕ್. ಮೂರು ದಿನ, ರಾತ್ರಿಯೂ ಸೇರಿ, ಪ್ರತಿ ಸಲ ಹೋದ ಸಮಯ, ಮಿ.ಲೀ., ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಬರೆಯಿರಿ. ಬೆಳಿಗ್ಗೆ 6.10ಕ್ಕೆ 140, ನೋವು 6. 7 ಗಂಟೆಗೆ 60, ನೋವು 7, ಪಕ್ಕದಲ್ಲಿ ‘ಕಾಫಿ ಆಗಿತ್ತು’. 7.40ಕ್ಕೆ 50. ಈ ರೋಗದ ಪುಟ ಹೀಗಿರುತ್ತದೆ. ಬೇರೆ ತೊಂದರೆಯಿಲ್ಲದವರಲ್ಲಿ ಒಂದು ಸಲಕ್ಕೆ 300ರಿಂದ 400 ಮಿ.ಲೀ. ಸಾಮಾನ್ಯ. ದಿನಕ್ಕೆ ಹದಿನೈದು ಸಲ, ಪ್ರತಿ ಸಲವೂ 300 ಎಂದಿದ್ದರೆ ಲೆಕ್ಕ ನಾಲ್ಕೂವರೆ ಲೀಟರ್. ಆಗ ನೋಡಬೇಕಾದ್ದು ಕುಡಿಯುವ ನೀರು ಮತ್ತು ಸಕ್ಕರೆ ಕಾಯಿಲೆ. ದುಬಾರಿ ಪರೀಕ್ಷೆಗಳಿಗಿಂತ ಈ ಮೂರು ಪುಟ ಹೆಚ್ಚು ಹೇಳುವುದುಂಟು.

ಮೂತ್ರಕೋಶದ ಒಳಗೋಡೆಗೆ ತೆಳುವಾದ ರಕ್ಷಣೆಯ ಲೇಪವಿದೆ. ಅದು ಸವೆದಾಗ ಮೂತ್ರದಲ್ಲಿರುವ ಪೊಟ್ಯಾಸಿಯಂನಂಥವು ಒಳಗಿಳಿದು ನರಗಳನ್ನು ಕೆಣಕುತ್ತವೆ ಎಂಬುದು ಪ್ರಚಲಿತ ವಿವರಣೆ. ‘ಉಷ್ಣಕ್ಕೆ’ ಕೊಡುವ ನಿಂಬೆ ಪಾನಕವೇ ಕೆಲವರಿಗೆ ನೋವು ಏರಿಸುತ್ತದೆ. ಕಾಫಿ, ಟೀ, ಹುಳಿಹಣ್ಣು, ಟೊಮೆಟೊ, ಖಾರ, ಸೋಡಾ, ವಿಟಮಿನ್ ಸಿ ಮಾತ್ರೆ ಇಷ್ಟನ್ನೂ ಮೂರು ವಾರ ನಿಲ್ಲಿಸಿ. ಹುಣಸೆಹಣ್ಣು ಹಾಕಿದ ಸಾರಿನ ಬದಲು ತೊವ್ವೆ, ಉಪ್ಪಿಟ್ಟಿಗೆ ಹಿಂಡುವ ನಿಂಬೆಯೂ ಬೇಡ. ನೋವು ಇಳಿದರೆ ಮೂರು ದಿನಕ್ಕೊಂದರಂತೆ ವಾಪಸ್ ಸೇರಿಸುತ್ತ ಬನ್ನಿ, ಕಳ್ಳ ಯಾವುದೆಂದು ಗೊತ್ತಾಗುತ್ತದೆ. ಮೂರು ವಾರದಲ್ಲಿ ಏನೂ ಬದಲಾಗದಿದ್ದರೆ ಪಥ್ಯ ಬಿಟ್ಟುಬಿಡಿ. ವರ್ಷಪೂರ್ತಿ ಸಪ್ಪೆ ಊಟ ಮಾಡಿ ಸೊರಗುವುದು ಚಿಕಿತ್ಸೆಯಲ್ಲ. ಪದೇ ಪದೇ ಹೋಗಬೇಕಲ್ಲ ಎಂದು ನೀರು ಕಡಿಮೆ ಮಾಡುವುದು ಇನ್ನೊಂದು ತಪ್ಪು. ಗಾಢ ಹಳದಿ ಮೂತ್ರ ಇನ್ನಷ್ಟು ಚುಚ್ಚುತ್ತದೆ. ಒಂದೂವರೆಯಿಂದ ಎರಡು ಲೀಟರ್, ದಿನವಿಡೀ ಗುಟುಕು ಗುಟುಕಾಗಿ.

ಹೆಚ್ಚು ಕೆಡುವುದು ಸ್ನಾಯುಗಳ ವಿಷಯದಲ್ಲಿ. ನೋವಿಗೆ ಹೆದರಿ ಕಟಿಯ ತಳದ ಸ್ನಾಯುಗಳು ಸದಾ ಬಿಗಿದುಕೊಂಡಿರುತ್ತವೆ. ಯಾರೋ ಹೇಳಿದರೆಂದು ಅದರ ಮೇಲೆ ಆ ಸ್ನಾಯುಗಳನ್ನೇ ಬಿಗಿಹಿಡಿದು ಬಿಡುವ ಕೀಗಲ್ ವ್ಯಾಯಾಮ ಮಾಡಿದರೆ, ಬಿಗಿದ ಮುಷ್ಟಿಯನ್ನು ಇನ್ನೂ ಬಿಗಿದಂತೆ. ಕೀಗಲ್ ಈ ರೋಗಕ್ಕೆ ಬೇಡ. ಬೇಕಾದ್ದು ಸಡಿಲಿಸುವುದು: ಕಮೋಡ್ ಮುಟ್ಟದಂತೆ ಅರೆಬರೆ ಎದ್ದು ನಿಂತು ಹೋಗುವ ಅಭ್ಯಾಸ ಬಿಡಿ, ಪೂರ್ತಿ ಕುಳಿತು, ತಿಣುಕದೆ, ತಾನಾಗಿ ಹರಿಯಲು ಬಿಡಿ. ಮಲಗಿ, ಮಂಡಿ ಎದೆಗೆ ತಂದು, ಹೊಟ್ಟೆ ಉಬ್ಬುವಂತೆ ಐದು ನಿಮಿಷ ಉಸಿರಾಡಿ. ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಸಿಕ್ಕರೆ ಇನ್ನೂ ಒಳ್ಳೆಯದು. 2012ರಲ್ಲಿ ಪ್ರಕಟವಾದ, 81 ಮಹಿಳೆಯರ ಪ್ರಯೋಗವೊಂದರಲ್ಲಿ ಆ ಸ್ನಾಯುಗಳನ್ನು ಕೈಯಿಂದ ಸಡಿಲಿಸಿದಾಗ ಶೇ 59 ಮಂದಿಗೆ ಗುಣ ಕಂಡಿತು. ಮಾಮೂಲಿ ಮಸಾಜ್‌ನಲ್ಲಿ ಶೇ 26.

ಮಾತ್ರೆಗಳಲ್ಲಿ ಹೆಚ್ಚು ಬಳಕೆ ಅಮಿಟ್ರಿಪ್ಟಿಲೀನ್. ರಾತ್ರಿ 10 ಮಿ.ಗ್ರಾಂನಿಂದ ಶುರು, ತಡೆದುಕೊಂಡರೆ ನಿಧಾನವಾಗಿ ಏರಿಕೆ. ಗೂಗಲ್‌ನಲ್ಲಿ ‘ಖಿನ್ನತೆಯ ಮಾತ್ರೆ’ ಎಂದು ಓದಿ ನಾಲ್ಕನೇ ದಿನಕ್ಕೆ ನಿಲ್ಲಿಸುವವರಿದ್ದಾರೆ. ಇಲ್ಲಿ ಅದು ನರದ ನೋವಿಗೆ. ಫಲ ತಿಳಿಯಲು ಕೆಲವು ವಾರ ಬೇಕು. ಬೆಳಗಿನ ಮಂಪರಿದ್ದರೆ ಮಲಗುವಾಗಿನ ಬದಲು ರಾತ್ರಿ ಎಂಟಕ್ಕೆ ತೆಗೆದುಕೊಳ್ಳಿ. ಗ್ಲಾಕೋಮಾ, ಹೃದಯದ ತೊಂದರೆ ಇದ್ದರೆ ಮೊದಲೇ ಹೇಳಿ. ಸವೆದ ಲೇಪಕ್ಕೆಂದು ಕೊಡುವ ಇನ್ನೊಂದು ಮಾತ್ರೆ ಪೆಂಟೊಸಾನ್, 100 ಮಿ.ಗ್ರಾಂ ದಿನಕ್ಕೆ ಮೂರು ಸಲ, ಖಾಲಿ ಹೊಟ್ಟೆಗೆ. ಪರಿಣಾಮಕ್ಕೆ ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ದೀರ್ಘಕಾಲದ ಬಳಕೆಯಲ್ಲಿ ಅಕ್ಷಿಪಟಲ (ರೆಟಿನಾ) ಕೆಡಬಹುದೆಂದು 2018ರಿಂದ ವರದಿಗಳಿವೆ, ಹಾಗಾಗಿ ಶುರುವಿಗೆ ಮೊದಲೇ ಕಣ್ಣಿನ ಪರೀಕ್ಷೆ.

ಮಾತ್ರೆ ಸಾಲದಿದ್ದರೆ ತೆಳು ನಳಿಕೆಯಲ್ಲಿ ಔಷಧಿಯನ್ನು ನೇರ ಮೂತ್ರಕೋಶಕ್ಕೇ ಬಿಡಬಹುದು. ಡಿಎಂಎಸ್‌ಒ ಎಂಬ ದ್ರವವಾದರೆ 50 ಮಿ.ಲೀ., ಸುಮಾರು ಕಾಲು ಗಂಟೆ ತಡೆದು ಹಿಡಿಯುವುದು, ಸಾಮಾನ್ಯವಾಗಿ ವಾರಕ್ಕೊಮ್ಮೆ ಆರು ಸಲ. ಒಂದೆರಡು ದಿನ ಬಾಯಲ್ಲಿ ಬೆಳ್ಳುಳ್ಳಿ ವಾಸನೆ ಬರುತ್ತದೆ, ಗಾಬರಿ ಬೇಡ. ಸಿಸ್ಟೊಸ್ಕೋಪಿಯಲ್ಲಿ ಕೆಂಪಗಿನ ಗಾಯದಂಥ ಮಚ್ಚೆ ಕಂಡರೆ ಲೆಕ್ಕವೇ ಬೇರೆ. 1915ರಲ್ಲಿ ಗೈ ಹನ್ನರ್ ಎಂಬ ಅಮೆರಿಕದ ವೈದ್ಯ ವರ್ಣಿಸಿದ ಈ ಮಚ್ಚೆಗಳನ್ನು ಸುಟ್ಟರೆ ಅಥವಾ ಅಲ್ಲಿಗೇ ಸ್ಟಿರಾಯ್ಡ್ ಚುಚ್ಚಿದರೆ ನೋವು ಚೆನ್ನಾಗಿ ಇಳಿಯುತ್ತದೆ. ಮಚ್ಚೆ ಮರುಕಳಿಸುವುದುಂಟು, ಆಗ ಮತ್ತೆ ಸುಡಬೇಕು.

ಚಿಕಿತ್ಸೆ ನಡೆಯುತ್ತಿದ್ದಾಗಲೂ ನೋವು ಆಗಾಗ ಕೆರಳುತ್ತದೆ. ಬಟ್ಟೆ ಸುತ್ತಿದ ಬಿಸಿನೀರಿನ ಚೀಲ ಕೆಳಹೊಟ್ಟೆಗೆ ಹದಿನೈದು ನಿಮಿಷ, ಆ ದಿನ ಕಾಫಿ ಬಂದ್. ಜ್ವರ, ಬೆನ್ನಿನ ಪಕ್ಕೆನೋವು ಅಥವಾ ರಕ್ತ ಜೊತೆಗೂಡಿದರೆ ಅದನ್ನು ಹಳೇ ನೋವೆಂದು ಸುಮ್ಮನೆ ಬಿಡದೆ ಅಂದೇ ವೈದ್ಯರಿಗೆ ತೋರಿಸಿ. ಮನೆಯಲ್ಲಿ ಉಳಿದ ಆ್ಯಂಟಿಬಯೋಟಿಕ್ ನುಂಗುವ ಮುಂಚೆ ಕಲ್ಚರ್‌ಗೆ ಮೂತ್ರ ಕೊಡಿ: ಮೊದಲ ಧಾರೆ ಬಿಟ್ಟು ನಡುವಿನದು, ಎರಡು ಗಂಟೆಯೊಳಗೆ ಲ್ಯಾಬಿಗೆ. ಮಾತ್ರೆ ನುಂಗಿ ಆದ ಮೇಲೆ ಕೊಟ್ಟರೆ, ಕ್ರಿಮಿ ನಿಜವಾಗಿ ಇದ್ದರೂ ರಿಪೋರ್ಟ್‌ನಲ್ಲಿ ಮತ್ತೆ ‘ನೋ ಗ್ರೋತ್’ ಎಂದೇ ಬಂದೀತು.