ಬರ್ಗಂಡಿ ವೈನ್: ಕಾಲುದಾರಿಯ ಈಚೆ ಒಂದು ರುಚಿ, ಆಚೆ ಇನ್ನೊಂದು

ಫ್ರಾನ್ಸಿನ ಬರ್ಗಂಡಿಯ ಬಾಟಲಿಯನ್ನು ಮೊದಲ ಸಲ ಕೈಗೆತ್ತಿಕೊಂಡವರಿಗೆ ಗಲಿಬಿಲಿ ಆಗುವುದು ಸಹಜ. ಲೇಬಲ್ ಮೇಲೆ ಸಾಮಾನ್ಯವಾಗಿ ದ್ರಾಕ್ಷಿಯ ಹೆಸರೇ ಇರುವುದಿಲ್ಲ. ಇರುವುದು ಒಂದು ಊರಿನ ಹೆಸರು, ಇಲ್ಲವೇ ಒಂದು ತುಂಡು ತೋಟದ ಹೆಸರು. ಯಾಕಂದರೆ ಅಲ್ಲಿ ಕೆಂಪು ವೈನ್ ಅಂದರೆ ಹೆಚ್ಚುಕಮ್ಮಿ ಪಿನೋ ನ್ವಾರ್ ದ್ರಾಕ್ಷಿ, ಬಿಳಿ ಅಂದರೆ ಶಾರ್ಡನೇ. ಎರಡೇ ದ್ರಾಕ್ಷಿ, ಒಂದೇ ಬೆಟ್ಟದ ಸಾಲು. ಆದರೂ ಒಂದು ತೋಟದ ವೈನಿಗೆ ಕೊಡುವ ಬೆಲೆಯ ಹತ್ತು ಪಟ್ಟು ಪಕ್ಕದ ತೋಟದ್ದಕ್ಕೆ ಕೊಡಬೇಕಾಗಬಹುದು. ಇದು ಬರೀ ಹೆಸರಿನ ಮಹಿಮೆಯಾ? ಪೂರ್ತಿ ಹಾಗಲ್ಲ.

ಡಿಜೋನ್ ಪಟ್ಟಣದಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ಉದ್ದಕ್ಕೆ ಒಂದು ಸಣ್ಣ ಇಳಿಜಾರು ಹಬ್ಬಿದೆ. ಅದರ ಹೆಸರು ಕೋತ್ ದೋರ್. ಮುಖ ಪೂರ್ವಕ್ಕೆ, ಬೆಳಗಿನ ಬಿಸಿಲು ನೇರ ಬಳ್ಳಿಗೆ. ಈ ಇಳಿಜಾರನ್ನು ಜನ ಶತಮಾನಗಳಿಂದ ಗಮನಿಸುತ್ತಾ 1,247 ತುಂಡುಗಳಾಗಿ ಗುರುತಿಸಿದ್ದಾರೆ. ಒಂದೊಂದಕ್ಕೂ ಹೆಸರಿದೆ, ಗಡಿಯಿದೆ. ಅವರ ಮಾತಿನಲ್ಲಿ ಇದು ‘ಕ್ಲಿಮಾ’. 2015ರಲ್ಲಿ ಯುನೆಸ್ಕೋ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕ್ಲೋ ದ ವೂಜೋ ಅನ್ನುವ ತೋಟವನ್ನೇ ನೋಡಿ. ಸುಮಾರು 50 ಹೆಕ್ಟೇರ್, ಸುತ್ತ ಕಲ್ಲಿನ ಗೋಡೆ. ಮಧ್ಯಯುಗದಲ್ಲಿ ಸಿಸ್ಟರ್ಸಿಯನ್ ಸನ್ಯಾಸಿಗಳು ಕಟ್ಟಿ ಬೆಳೆಸಿದ ತೋಟ ಇದು. ಕೆಳಗೆ ಹೆದ್ದಾರಿಯ ಪಕ್ಕ ಮಣ್ಣು ದಪ್ಪ, ಜೇಡಿ ಜಾಸ್ತಿ, ಮಳೆ ಬಂದರೆ ನೀರು ಬೇಗ ಇಳಿಯುವುದಿಲ್ಲ. ಮೇಲೆ ಹತ್ತಿದಂತೆ ಮಣ್ಣು ತೆಳುವಾಗುತ್ತದೆ, ಜಲ್ಲಿ ಸಿಗುತ್ತದೆ, ತೋಟದ ಮೇಲ್ಗಡೆಯ ಹಳೆಯ ಕಟ್ಟಡದ ಹತ್ತಿರ ಬರುವಷ್ಟರಲ್ಲಿ ಒಂದಿಷ್ಟು ಅಗೆದರೆ ಸಾಕು, ಸುಣ್ಣಕಲ್ಲು. ಒಂದೇ ಗೋಡೆಯೊಳಗೆ ಇಷ್ಟು ವ್ಯತ್ಯಾಸ.

ಬಳ್ಳಿಗೆ ಇದರಿಂದ ಏನಾಗುತ್ತದೆ? ಎಲ್ಲಾ ನೀರಿನ ಲೆಕ್ಕ. ಯಥೇಚ್ಛ ನೀರು ಸಿಕ್ಕ ಬಳ್ಳಿ ಚಿಗುರುತ್ತಲೇ ಹೋಗುತ್ತದೆ, ಹಣ್ಣು ಊದಿಕೊಂಡು ರಸ ನೀರಾಗುತ್ತದೆ. ಬೇಸಿಗೆಯ ನಡುವೆ ಸ್ವಲ್ಪ ಬಾಯಾರಿದರೆ ಚಿಗುರು ನಿಲ್ಲುತ್ತದೆ, ಹಣ್ಣು ಸಣ್ಣದಾಗಿಯೇ ಮಾಗುತ್ತದೆ. ಕೆಂಪು ವೈನಿನ ಬಣ್ಣ, ಒಗರು, ಪರಿಮಳದ ಬಹುಪಾಲು ಇರುವುದು ಸಿಪ್ಪೆಯಲ್ಲಿ. ಹಣ್ಣು ಸಣ್ಣದಾದಷ್ಟೂ ರಸಕ್ಕೆ ಸಿಪ್ಪೆಯ ಪಾಲು ಜಾಸ್ತಿ, ಅಷ್ಟೇ. ಫ್ರಾನ್ಸಿನ ಇನ್ನೊಂದು ವೈನ್ ಪ್ರಾಂತ್ಯ ಬೋರ್ಡೋದ ವಿಜ್ಞಾನಿ ಜೆರಾರ್ ಸೆಗೆಂ ಅಲ್ಲಿನ ತೋಟಗಳಲ್ಲಿ ವರ್ಷಗಟ್ಟಲೆ ಅಳೆದು ಹೇಳಿದ್ದೂ ಇದನ್ನೇ: ಒಳ್ಳೆಯ ತೋಟಗಳನ್ನು ಬೇರೆಯಾಗಿಸುವುದು ಮಣ್ಣಿನ ರಾಸಾಯನಿಕಕ್ಕಿಂತ ಹೆಚ್ಚಾಗಿ ಅದು ನೀರನ್ನು ಹಿಡಿದು ಬಿಡುವ ಬಗೆ.

ಹಾಗಾಗಿ ‘ಈ ವೈನಿನಲ್ಲಿ ಸುಣ್ಣಕಲ್ಲಿನ ರುಚಿಯಿದೆ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬರ್ಗಂಡಿಯ ಉತ್ತರದ ಶಾಬ್ಲಿಯಲ್ಲಿ ನೆಲದ ತುಂಬಾ ಸುಮಾರು 15 ಕೋಟಿ ವರ್ಷ ಹಳೆಯ ಪುಟ್ಟ ಸಿಂಪಿಗಳ ಪಳೆಯುಳಿಕೆ ಇವೆ, ನಿಜ. ಆದರೆ ಸಿಂಪಿ ಬೇರಿನೊಳಗೆ ಹತ್ತಿ ಲೋಟಕ್ಕೆ ಬರುವುದಿಲ್ಲ. ಬೇರು ಹೀರುವುದು ನೀರಿನಲ್ಲಿ ಕರಗಿದ ಪೊಟ್ಯಾಸಿಯಂ, ಕ್ಯಾಲ್ಸಿಯಂನಂಥ ಪೋಷಕಾಂಶಗಳನ್ನು. ಅಷ್ಟು ಅಲ್ಪ ಪ್ರಮಾಣದಲ್ಲಿ ಅವು ನಾಲಿಗೆಗೆ ತಿಳಿಯುವುದೂ ಇಲ್ಲ. ಅಷ್ಟೇ ಏಕೆ, ಆ ಬೇರೇ ಶಾರ್ಡನೇಯದ್ದೂ ಅಲ್ಲ, ಪಿನೋದ್ದೂ ಅಲ್ಲ! 19ನೇ ಶತಮಾನದ ಕೊನೆಯಲ್ಲಿ ಫಿಲಾಕ್ಸೆರಾ ಅನ್ನುವ ಪುಟ್ಟ ಹುಳು ಬೇರು ತಿಂದು ತೋಟಗಳನ್ನೇ ಮುಗಿಸಿತು. ಆಮೇಲೆ ಅಮೆರಿಕದ ಬಳ್ಳಿಯ ಬೇರಿಗೆ ಕಸಿ ಕಟ್ಟುವುದು ವಾಡಿಕೆಯಾಯಿತು. ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬರ, ಉಪ್ಪು ತಡೆಯಲಿ ಅಂತ ಅವರು ಕಸಿ ಕಟ್ಟುವ ಡಾಗ್‌ರಿಡ್ಜ್ ಅನ್ನುವ ಬೇರು ಬಳ್ಳಿ ಕೂಡ ಅಮೆರಿಕ ಮೂಲದ್ದೇ.

ಇನ್ನು ಲೇಬಲ್ ಓದುವುದು. ನಾಲ್ಕು ಮೆಟ್ಟಿಲು: ಇಡೀ ಪ್ರಾಂತ್ಯದ ಹೆಸರಿನದು, ಊರಿನ ಹೆಸರಿನದು, ಅದರ ಮೇಲೆ ಒಳ್ಳೆಯ ತೋಟಗಳ ದರ್ಜೆ ಪ್ರೀಮಿಯೇ ಕ್ರೂ, ತುದಿಯಲ್ಲಿ ಅತ್ಯುತ್ತಮ ತೋಟಗಳ ದರ್ಜೆ ಗ್ರಾಂ ಕ್ರೂ. ಈ ಕೊನೆಯದು ಒಟ್ಟು ಉತ್ಪಾದನೆಯಲ್ಲಿ ಶೇಕಡಾ 1ರ ಆಸುಪಾಸು. ಒಂದು ಕಡೆ ಮಾತ್ರ ಎಡವಬೇಡಿ. ಜೆವ್ರೇ ಅನ್ನುವ ಊರು 1847ರಲ್ಲಿ ತನ್ನ ಪ್ರಸಿದ್ಧ ತೋಟ ಶಾಂಬೆರ್ತಾಂ ಹೆಸರನ್ನು ತನಗೇ ಅಂಟಿಸಿಕೊಂಡಿತು. ‘ಜೆವ್ರೇ-ಶಾಂಬೆರ್ತಾಂ’ ಅಂತಷ್ಟೇ ಇದ್ದರೆ ಊರಿನ ವೈನ್. ಬರೀ ‘ಶಾಂಬೆರ್ತಾಂ’ ಇದ್ದರೆ ಗ್ರಾಂ ಕ್ರೂ. ಇಲ್ಲಿ ಹೆಸರು ಚಿಕ್ಕದು, ಬೆಲೆ ದೊಡ್ಡದು.

ಆದರೆ ತೋಟದ ಹೆಸರನ್ನೇ ನಂಬಿ ಕೂರುವ ಹಾಗೂ ಇಲ್ಲ. ಕ್ಲೋ ದ ವೂಜೋ ಪೂರ್ತಿ ಗ್ರಾಂ ಕ್ರೂ, ಹೆದ್ದಾರಿ ಪಕ್ಕದ ಜೇಡಿಮಣ್ಣೂ ಸೇರಿ. ಅದಕ್ಕೀಗ ಸುಮಾರು 80 ಒಡೆಯರು. ಯಾರ ಸಾಲು ಮೇಲಿದೆ, ಯಾರದ್ದು ಕೆಳಗಿದೆ ಅಂತ ಲೇಬಲ್ ಹೇಳುವುದಿಲ್ಲ. ಅದಕ್ಕೇ ತಿಳಿದವರು ತೋಟಕ್ಕಿಂತ ಮೊದಲು ಮಾಡಿದವರ ಹೆಸರು ನೋಡುತ್ತಾರೆ. ಅದೇ ಸರಿ.

ಈಗ ಈ ಲೆಕ್ಕವೂ ಬದಲಾಗುತ್ತಿದೆ. ಬರ್ಗಂಡಿಯ ಬೋನ್ ಪಟ್ಟಣದಲ್ಲಿ ದ್ರಾಕ್ಷಿ ಕೊಯ್ಲಿನ ದಿನಗಳ ಲೆಕ್ಕ 1354ರಿಂದ ಸಿಗುತ್ತದೆ. ಸಂಶೋಧಕರು 2018ರವರೆಗೆ ಅದನ್ನು ಜೋಡಿಸಿ ನೋಡಿದರೆ, 1988ರ ನಂತರ ಕೊಯ್ಲು ಸರಾಸರಿ 13 ದಿನ ಮೊದಲೇ ಆಗುತ್ತಿದೆ. ಬಿಸಿ ಹೆಚ್ಚಾದರೆ ಸಕ್ಕರೆ ಬೇಗ ಏರುತ್ತದೆ, ಹುಳಿ ಇಳಿಯುತ್ತದೆ, ಪಿನೋದ ನಾಜೂಕು ಹೋಗಿಬಿಡುತ್ತದೆ. ಹಿಂದೆ ತಂಪಿನ ವರ್ಷಗಳಲ್ಲಿ ಹಣ್ಣೇ ಮಾಗದೆ ಕೈಕೊಡುತ್ತಿದ್ದ ಬೆಟ್ಟದ ಮೇಲಿನ ಓತ್-ಕೋತ್ ತೋಟಗಳ ಕಡೆ ಈಗ ಬೆಳೆಗಾರರ ಕಣ್ಣು ಹೊರಳಿದೆ.